ಮುಳ್ಳು ಇಳಿದ ಹೊತ್ತು

ಜೂನ್ ೧೨, ೧೯೭೨, ಸೋಮವಾರ

ಬಲಗೈ ಇನ್ನೂ ಜೋಮು ಹಿಡಿದಿದೆ. ಮದುವೆಯಾಗಿ ಹಲಸೂರಿಗೆ ಬಂದಾಗಿನಿಂದ ಸಂಜೆಯಾದರೆ ಇವರು ದೂರದೂರಿನವರೊಡನೆ ಮಾತಾಡುವ ಹ್ಯಾಮ್ ರೇಡಿಯೊ ಮುಂದೆ, ನಾನು ಅಡುಗೆಮನೆಯಲ್ಲಿ. ಇವತ್ತು ಕರೆದರು. ಏರಿಯಲ್ ಹೊಂದಿಸುವ ಟ್ಯೂನರಿನ ಗುಂಡಿ ಎಷ್ಟು ತಿರುಗಿಸಿದರೂ, ಮೈಕ್ ಹಿಡಿಯಲು ಕೈ ತೆಗೆದ ಕೂಡಲೇ ಮೀಟರಿನ ಮುಳ್ಳು ಏರುತ್ತಿತ್ತು; ಅದು ಇಳಿದಿದ್ದರೇನೇ ಮಾತು ದೂರ ತಲುಪುವುದಂತೆ. ನಾನು ಗುಂಡಿ ಹಿಡಿದುಕೊಂಡೆ, ಮುಳ್ಳು ಇಳಿಯಿತು.

"ಹಂಗೇ ಕೂತ್ಕೊ ರಮಾಮಣಿ, ಅಲ್ಲಾಡ್ಬೇಡ."

ಧಾರವಾಡದ ಯಾರನ್ನೋ "ಊಟ ಆಯ್ತೇನ್ರೀ?" ಎಂದು ಕೇಳಿ ಎಷ್ಟು ನಕ್ಕರು! ನಾನು ಕೆಮ್ಮು ನುಂಗಿಕೊಂಡು ಪಕ್ಕದಲ್ಲೇ ಕೂತಿದ್ದೆ. ಇವರ ಮೊಣಕೈ ಆಗಾಗ ತಾಗುತ್ತಿತ್ತು.

ಏಳುವಾಗ ಅಂದರು, "ನಾಳೆ ಪೆಟ್ಟಿಗೆಗೆ ಅರ್ಥ್ ವೈರ್ ಹಾಕ್ತೀನಿ, ಮುಳ್ಳು ತಾನೇ ನಿಲ್ಲುತ್ತೆ. ಇನ್ನು ನೀನು ಕೂರೋದು ಬೇಡ."

"ಆಗಲಿ" ಅಂದೆ. ಆ ವೈರು ಹಿತ್ತಲ ಬಾಗಿಲ ಹಿಂದೆ ಸುತ್ತಿಟ್ಟಿದೆ. ಅದನ್ನು ಎಲ್ಲಾದರೂ ಬಚ್ಚಿಡಬೇಕು.