ಇಸ್ತ್ರಿ ಹಾಕಿದ ನಕ್ಷೆ

ಮಂಗಳವಾರ, ಮಾರ್ಚ್ ೧೨

ಮಾದರಿ ವಿಮಾನಗಳ ಸ್ಪರ್ಧೆಗೆ ನನ್ನ ಗಂಡ ಆಯ್ಕೆಯಾಗಿದ್ದಾರೆ! ‘ನನ್ನ ಗಂಡ’ ಎಂದು ಬರೆಯುವುದೇ ಎಷ್ಟು ಚೆಂದ! ಮನೆಯಿಡೀ ಕುಣಿದೆ.

ಕುಣಿದು ಮುಗಿಯುವಷ್ಟರಲ್ಲಿ ಇವರು ಸ್ಪರ್ಧೆಗೆಂದು ಮಾಡುತ್ತಿರುವ ವಿಮಾನದ ಎರಡೂ ರೆಕ್ಕೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಎಡದ್ದು ಅರ್ಧ ಬೆರಳು ಗಿಡ್ಡ.

“ನನ್ನ ಕೈಗೇನಾಗಿದ್ಯೋ! ಮದುವೆ ಆದ್ಮೇಲೆ ಗಮನವೆಲ್ಲ ನಿನ್ನ ಮೇಲೇ ಕಣೇ,” ಎಂದು ನಗುತ್ತಾ, ಅದಕ್ಕೆ ಅಂಟಿಸಿದ್ದ ಮರದ ಕಡ್ಡಿಗಳನ್ನು ಒಂದೊಂದಾಗಿ ಕಿತ್ತರು. ನಾನೂ ನಕ್ಕೆ. ಥೂ, ನಕ್ಕುಬಿಟ್ಟೆ!

ತಪ್ಪು ಇವರ ಕೈಯದಲ್ಲ. ಬಲ ರೆಕ್ಕೆ ಮುಗಿದ ಮರುದಿನ, ವಿಮಾನದ ಮೇಜಿನಗಲದ ನಕ್ಷೆ ಮತ್ತೆ ಮತ್ತೆ ಸುರುಳಿ ಸುತ್ತಿಕೊಳ್ಳುತ್ತಿದೆಯಲ್ಲ ಎಂದು ನಾನೇ ನೀರು ಚಿಮುಕಿಸಿ ಇಸ್ತ್ರಿ ಹಾಕಿದ್ದೆ. ಕಾಗದ ಕುಗ್ಗಿದೆ. ಇವರು ಕಡ್ಡಿಗಳನ್ನು ಅದರ ಮೇಲಿಟ್ಟೇ ಕತ್ತರಿಸುವುದು.

ಸಂಜೆ ಅತ್ತೆಗೆ ಫೋನ್ ಮಾಡಿ ಒಪ್ಪಿಕೊಂಡೆ. ನಕ್ಷೆ ಬರೆದವರು ಅವರೇ.

“ಅಯ್ಯೋ ಹುಚ್ಚಿ, ಅದೇನು ಅವನ ಅಂಗಿನಾ? ಇನ್ನೊಂದು ಪ್ರತಿ ಇದೆ, ತರ್ತೀನಿ. ಆದ್ರೆ ನಾನು ಬರೋದ್ರೊಳಗೆ ಅವನಿಗೆ ನೀನೇ ಹೇಳಿರ್ಬೇಕು.”

ಪಕ್ಕದ ಕೋಣೆಯಲ್ಲಿ ಇವರು ಅದೇ ನಕ್ಷೆಯ ಮೇಲೆ ಹೊಸ ಕಡ್ಡಿ ಕತ್ತರಿಸುತ್ತಿದ್ದಾರೆ. ಬಾಗಿಲವರೆಗೆ ಎರಡು ಸಲ ಹೋಗಿ ಸುಮ್ಮನೆ ಬಂದೆ. ಅತ್ತೆ ಬರುವುದು ಗುರುವಾರ, ಬೆಳಗಿನ ಪ್ಯಾಸೆಂಜರ್ ಗಾಡಿಗೆ.