ಅಂಚೆಚೀಟಿಯ ಹಿಂಬದಿ

ಚಾಮರಾಜಪೇಟೆ, ಬೆಂಗಳೂರು
14 ನವೆಂಬರ್ 2025

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ಕಾನ್ವೆಂಟಿನಲ್ಲಿ ಯಾರಾದರೂ ಬಿಸಿನೀರಿನ ಶಾಖ ಕೊಡುತ್ತಾರೆಯೇ, ಇಲ್ಲ ಈಗಲೂ ನೀನೇ ಎದ್ದು ಕಾಯಿಸಿಕೊಳ್ಳುತ್ತೀಯೋ? ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಸಕ್ಕರೆ ಸ್ವಲ್ಪ ಜಾಸ್ತಿ, ಉಳಿದಂತೆ ಕ್ಷೇಮ.

ನೀನು ಪಾಠ ಹೇಳಲು ಜಾಂಬಿಯಾಕ್ಕೆ ಹೋಗಿ ಐವತ್ತು ವರ್ಷವಾಯಿತೆಂದು ಅಣ್ಣ ಇನ್ನಾಸಪ್ಪ ಚರ್ಚಿನಲ್ಲಿ ಸಮಾರಂಭ ಇಟ್ಟಿದ್ದಾನೆ. ಗೇಟಿನ ಫ್ಲೆಕ್ಸಿನಲ್ಲಿ ನಿನ್ನ ಫೋಟೊ ಅಂಗೈಯಗಲ, ಅವನದು ಆಳೆತ್ತರ. ‘ಕತ್ತಲೆಯ ಖಂಡಕ್ಕೆ ಬೆಳಕು ಕೊಂಡೊಯ್ದ ನಮ್ಮ ಮನೆಮಗಳು’ ಎಂದು ಬರೆಸಿದ್ದಾನೆ. ಓದಿ ಅಸಹ್ಯವಾಯಿತು. ನೀನು ಸನ್ಯಾಸಿನಿಯಾಗಲು ಕಾನ್ವೆಂಟ್ ಸೇರಿದ ದಿನ ‘ಇವ್ಳು ನಮ್ ಪಾಲಿಗೆ ಸತ್ಲು’ ಅಂದವನು ಇವನೇ ತಾನೆ? ಮುಟಾಲೆ ಎಂಬ ಹುಡುಗಿಗೆ ಕೊನೆಗೂ ಭಾಗಾಕಾರ ಬಂತೆಂದು ನೀನು ಒಂದಿಡೀ ಪುಟ ಬರೆದಿದ್ದೆ. ಅಂಥ ಮಕ್ಕಳೆಲ್ಲ ಇವನ ಬಾಯಲ್ಲಿ ಕತ್ತಲೆ!

ಇನ್ನೂ ಅಸಹ್ಯವಾದದ್ದು ಕೇಳು. ನಿನ್ನ ಪತ್ರಗಳೆಲ್ಲ ಆ ನೀಲಿ ಏರ್‌ಮೇಲ್ ಹಾಳೆಗಳಲ್ಲವೇ, ಮಡಿಸಿದರೆ ಹಾಳೆಯೇ ಲಕೋಟೆ. ಪೋಸ್ಟ್‌ಮ್ಯಾನ್ ಕೈಯಿಂದ ಮೊದಲು ಇಸಿದುಕೊಂಡು ಅಣ್ಣ ತನ್ನ ಸಂಗ್ರಹಕ್ಕೆಂದು ಅಂಚೆಚೀಟಿಯನ್ನು ಅಗಲವಾಗಿ ಕತ್ತರಿಸಿಬಿಡುತ್ತಿದ್ದ. ಜೊತೆಗೆ ಒಳಗಡೆಯ ಅಕ್ಷರವೂ ಹೋಗುತ್ತಿತ್ತು. ಓದು ಬಾರದ ಅಮ್ಮನಿಗೆ ನಾನು ಓದಿ ಹೇಳುವಾಗ ತೂತು ಬಂದರೆ ಹಾರಿಸಿಕೊಂಡು ಹೋಗುತ್ತಿದ್ದೆ. ನನ್ನ ಮೇಲೂ ನನಗೆ ಹೇಸಿಗೆಯಾಗುತ್ತಿದೆ. ಈಗ ಆ ಚೀಟಿಗಳ ಆಲ್ಬಮ್ಮನ್ನೇ ಹಾಲ್‌ನಲ್ಲಿ ಪ್ರದರ್ಶನಕ್ಕೆ ಇಡುತ್ತಾನಂತೆ, ಪಕ್ಕದಲ್ಲಿಡಲು ಪತ್ರಗಳನ್ನೂ ಕೇಳಿದ. ಒಯ್ದು ಕೊಟ್ಟು, ಕತ್ತರಿಸಿದ್ದು ಸರಿಯೇ ಎಂದು ಕೇಳಿದರೆ, ‘ಆ ಮೂಲೇಲಿ ಏನ್ ಬರೆದಿರ್ತಾಳೆ, ಮಳೆ ಬಂತು ಬಿಸ್ಲು ಬಂತು ಅಂತ ತಾನೇ’ ಎಂದು ನಕ್ಕ. ಒಂದು ಚೀಟಿಯನ್ನೂ ತಿರುಗಿಸಿ ನೋಡಿಲ್ಲ. ಪತ್ರಗಳನ್ನು ಚೀಲಕ್ಕೆ ಹಾಕಿಕೊಂಡು, ಆಲ್ಬಮ್ಮನ್ನೂ ಎತ್ತಿಕೊಂಡು ಬಂದೆ.

ಮಾತ್ರೆ ತಪ್ಪಿಸಬೇಡ. ದೇವಮಾತೆ ನಿನ್ನ ಕೈ ಬಿಡದಿರಲಿ.

ನಿನ್ನ ತಂಗಿ,
ಲೂರ್ದಮ್ಮ

ತಾ.ಕ.: ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಮುದ್ರೆಯ ದಿನಾಂಕ ನೋಡಿ ಚೀಟಿಗಳನ್ನು ತೂತುಗಳಿಗೆ ಕೂಡಿಸುತ್ತಾ ಕೂತಿದ್ದೆ. 1984ರ ಆಗಸ್ಟ್ ಚೀಟಿಯ ಹಿಂದೆ ನೀನು ಇರುಕಿಸಿ ಬರೆದಿದ್ದೀಯ: ‘ಇಲ್ಲಿ ಇನ್ನು ಆಗದು. ಮನೆಗೆ ಬಂದುಬಿಡಲೇ ಅಮ್ಮಾ? ಬೇಡವೆಂದರೆ ಮತ್ತೆ ಕೇಳುವುದಿಲ್ಲ.’ ಅಮ್ಮನ ಪರವಾಗಿ ಉತ್ತರ ಬರೆದವಳು ನಾನು. ಎಂದಿನಂತೆ ‘ನಿನ್ನ ಪತ್ರ ತಲುಪಿ ಎಲ್ಲ ವಿಷಯ ತಿಳಿಯಿತು’ ಎಂದು ಶುರುಮಾಡಿ, ಉಪ್ಪಿನಕಾಯಿ ಹಾಕಿದ ಸುದ್ದಿ ಬರೆದು ಮುಗಿಸಿದ್ದೆ. ‘ಬರ್ತೀನಿ ಅಂತ ಒಂದ್ಸಲಾನೂ ಬರೀಲಿಲ್ಲ ನೋಡು’ ಎಂದು ಅಮ್ಮ ಸಾಯುವವರೆಗೂ ಕೊರಗಿದಳು. ಅಕ್ಕಾ, ನಮಗೆ ಏನೂ ತಿಳಿದಿರಲಿಲ್ಲ.