ಹಿರಿಯರ ಕಾಯಿ

ದೇವದುರ್ಗ
೧೨ ಸೆಪ್ಟೆಂಬರ್ ೨೦೨೫

ಪ್ರೀತಿಯ ಅವ್ವನಿಗೆ ನಿನ್ನ ಚಂದ್ರಕಲಾಳ ನಮಸ್ಕಾರಗಳು.

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಬೈದುಕೊಂಡಿರುತ್ತೀಯ, ಬೈಯಿ. ಅಜ್ಜಿ ಹೋದ ಮೇಲೆ ಹಿರಿಯರು ನೆಲೆಸಿದ ತೆಂಗಿನಕಾಯಿ ಹಿಡಿಯುವವರು ಮನೆಯಲ್ಲಿ ಯಾರೂ ಇಲ್ಲ, ಮಹಾನವಮಿಗೆ ಅದನ್ನು ಹೊಳೆಗೆ ಬಿಡುತ್ತೇನೆ ಎಂದು ಬರೆದಿದ್ದೀಯ. ದಯವಿಟ್ಟು ಬಿಡಬೇಡ. ಏಕೆಂದು ಹೇಳುತ್ತೇನೆ.

ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಚೆನ್ನಾಗಿ ನಡೆದಿದೆ. ರಾಯಚೂರು ಬಸ್ಸಿನಲ್ಲಿ ನನ್ನ ಗುಂಗುರು ಕೂದಲು ನೋಡಿ ಯಾವ ದೇಶ ಎಂದು ಈಗಲೂ ಕೇಳುತ್ತಾರೆ. ನಾವು ಸಿದ್ದಿಗಳು, ಯಲ್ಲಾಪುರದವರು, ಹಿರಿಯರನ್ನು ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತಂದಿದ್ದರು ಎಂದು ಹೇಳಿ ಮುಗಿಸುವಷ್ಟರಲ್ಲಿ ನಿಲ್ದಾಣ ಬಂದಿರುತ್ತದೆ.

ಶ್ರಾವಣದಿಂದ ಸಂಜೆಯಾದರೆ ನನಗೆ ನಡುಕ. ರಕ್ತ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ನಮ್ಮ ಮನೆಯ ಮಾಲಕಿ ಹುಲಗೆಮ್ಮನ ಮೈಮೇಲೆ ಮಂಗಳವಾರ ಎಲ್ಲಮ್ಮ ಬರುತ್ತಾಳೆ. ನನಗೂ ಅವಳೇ ಬಂದಿದ್ದಾಳೆಂದು ಹುಲಗೆಮ್ಮ ನನ್ನ ಹಣೆಗೆ ಅರಿಶಿನದ ಭಂಡಾರ ಬಳಿದು, ಚೌಡಿಕೆ ಬಾರಿಸುವವರನ್ನೂ ಕರೆಸಿಬಿಟ್ಟಳು. ಚೌಡಿಕೆಯ ದಾರಿ ಒಂದಾದರೆ ನನ್ನ ಕೈಯದೇ ಇನ್ನೊಂದು. ಜೋಳದ ಡಬ್ಬಿಯ ಮೇಲೆ ನನ್ನ ಅಂಗೈ ಅಜ್ಜಿ ನಮ್ಮ ಡಮಾಮಿ ಡೋಲಿನ ಮೇಲೆ ಬಾರಿಸುತ್ತಿದ್ದ ಪೆಟ್ಟನ್ನೇ ಬಾರಿಸುತ್ತಿತ್ತು. ನಾನು ಎಂದೂ ಕಲಿಯದ ಪೆಟ್ಟು, ಅವ್ವಾ. ಹುಲಗೆಮ್ಮ ಚೌಡಿಕೆ ನಿಲ್ಲಿಸಿದಳು.

"ಇದು ನಮ್ಮ ಎಲ್ಲವ್ವ ಅಲ್ಲ ಬೇ. ನಿಮ್ಮ ಮನಿ ಹಿರೇರು ಬಂದಾರ. ಇಷ್ಟು ದೂರ ಹುಡುಕ್ಕೊಂಡು ಬಂದಾರಂದ್ರ ಒಳಗ ಕರಕೋ," ಎಂದಳು.

ನನ್ನ ಹಣೆಯ ಭಂಡಾರವನ್ನು ತನ್ನ ಸೆರಗಿನಿಂದಲೇ ಒರೆಸಿ, ತನ್ನ ದೇವರ ಜಗಲಿಯಿಂದ ಒಂದು ಕಾಯಿ ತೆಗೆದು ಕೈಗಿಟ್ಟಳು. ನಡುಕ ನಿಂತಿತು. ನಾನು ತುಂಬ ಅತ್ತೆ, ಸಂತೋಷಕ್ಕೇ. ಆ ಕಾಯಿ ಈಗ ಎಲ್ಲಮ್ಮನ ಪಕ್ಕದಲ್ಲೇ ಇದೆ. ಯಾರದೋ ಹಿರಿಯರಿಗೆ ಹೀಗೆ ಜಾಗ ಕೊಡುವವರು ಎಷ್ಟು ಜನ ಸಿಗುತ್ತಾರೆ? ಅವಳಿಗೆ ನಿನ್ನ ಕೈಯಿಂದ ಒಂದು ಸೀರೆ ತೆಗೆದಿಡು.

ರಜೆ ಹಾಕಿದ್ದೇನೆ. ಮಹಾನವಮಿಯ ಹಿಂದಿನ ದಿನ ಮನೆಯಲ್ಲಿರುತ್ತೇನೆ. ನಿನ್ನ ಆಶೀರ್ವಾದವಿರಲಿ, ಹಿರಿಯರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಮಗಳು,
ಚಂದ್ರಕಲಾ

ತಾ.ಕ.: ಕೊನೆಯ ದಿನ ನಾನು ಬಂದಾಗ ಅಜ್ಜಿಗೆ ಎಚ್ಚರವಿರಲಿಲ್ಲ ಎಂದಿದ್ದೆನಲ್ಲ, ಅದು ಸುಳ್ಳು. ಎಚ್ಚರವಿತ್ತು. ನೀನು ನೀರು ತರಲು ಹೋದಾಗ ಕಾಯಿಯನ್ನು ನನ್ನತ್ತ ಚಾಚಿದಳು. ನರ್ಸ್ ಆದವಳು ಇದನ್ನೆಲ್ಲ ಹಿಡಿಯುವುದೇ ಎಂದು ನನಗೆ ನಾಚಿಕೆಯಾಯಿತು. ಈಗಷ್ಟೇ ಕೈ ತೊಳೆದಿದ್ದೇನೆ, ಒದ್ದೆಯಿದೆ ಎಂದು ಹಿಂದೆ ಸರಿದೆ. "ಒಣಗ್ಲಿ ಬಿಡು ಮಗಾ, ಕಾಯ್ತೆ," ಎಂದಳು. ನಾನು ಹೊರಗೆ ಹೋಗಿ ಅಲ್ಲೇ ನಿಂತುಬಿಟ್ಟೆ, ಮತ್ತೆ ಅವಳ ಹತ್ತಿರ ಬರಲಿಲ್ಲ. ಈಗ ಕೈ ಒಣಗಿದೆ, ಅವ್ವಾ.